ಮಂಚಕ್ಕೆ ಅಂಟಿದ ಹೆಸರು

"ಸಾಹೇಬ್ರ, ನನ್ನ ಮಗಳು ಅಂಥಾಕಿ ಅಲ್ರಿ. ಇವತ್ತ ಸಂಜಿಗೆ ಕೆಲಸದಿಂದ ತಗದ ಹಾಕ್ತಾರಂತ," ಎಂದು ಸ್ಟೇಷನ್ ರಸ್ತೆಯ ಚಪ್ಪಲಿ ಅಂಗಡಿಯ ಯಾಕೂಬ ಕಣ್ಣೊರೆಸಿಕೊಂಡ. ನಿವೃತ್ತ ಫೌಜದಾರ ಗುರುಪಾದಯ್ಯನವರು ಕುಡಿಯುತ್ತಿದ್ದ ಚಹಾ ಬಿಟ್ಟು ಎದ್ದರು. ನಾನು ಅವರ ಕೈಕೆಳಗೆ ದುಡಿದ ಹಳೇ ಪೇದೆ; ಕರೆಯದಿದ್ದರೂ ಹಿಂದೆಯೇ ಹೊರಟೆ.

ಯಾಕೂಬನ ಮಗಳು ಅಂಜುಮ ಸೊಲ್ಲಾಪುರ ರಸ್ತೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಅಲ್ಲಿ ನರ್ಸುಗಳಿಗೆಲ್ಲ ಮೊಬೈಲಿನಂಥ ಯಂತ್ರ ಕೊಟ್ಟಿದ್ದರು. ರೋಗಿಯ ಮಣಿಕಟ್ಟಿಗೆ ಸುತ್ತಿದ ಗುರುತಿನ ಕೈಪಟ್ಟಿಗೆ ಹಿಡಿದರೆ ಹೆಸರು, ಔಷಧ ಎಲ್ಲ ತೋರಿಸುತ್ತದೆ. ಆ ಬೆಳಿಗ್ಗೆ ಅದು ತೋರಿಸಿದ್ದು ಸಕ್ಕರೆ ಕಾಯಿಲೆಯ ಮುರಿಗೆವ್ವನ ಹೆಸರು. ಇನ್ಸುಲಿನ್ ಸೂಜಿ ಬಿದ್ದದ್ದು ಹನಮವ್ವನಿಗೆ. ಸಕ್ಕರೆ ಕಾಯಿಲೆಯೇ ಇಲ್ಲದ ಆಕೆ ಎಚ್ಚರ ತಪ್ಪಿ, ಗ್ಲುಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟಿದ್ದಳು. ಆ ವಾರ್ಡಿನಲ್ಲಿ ಅಂಜುಮಳಿಗೆ ಅದೇ ಮೊದಲ ದಿನ.

"ಒಬ್ಬಾಕಿ ಪಟ್ಟಿ ನೋಡಿ ಇನ್ನೊಬ್ಬಾಕಿಗೆ ಚುಚ್ಯಾಳ್ರಿ," ಎಂದರು ಹೆಡ್ ಸಿಸ್ಟರ್ ವಿದ್ಯಾವತಿ, ನಾವು ಮೂವರೂ ಆಸ್ಪತ್ರೆಗೆ ಹೋದಾಗ. "ಯಂತ್ರ ಬಂದ ಮ್ಯಾಲೆ ಎಲ್ಲಾರಕಿಂತ ಲಗೂ ಕೆಲಸ ಮುಗಸೋದು ನಮ್ಮ ವಾರ್ಡ. ಇಕಿ ಮಸಿ ಬಳದ್ಲು."

ಅಂಜುಮ ತುಟಿ ಬಿಚ್ಚಲಿಲ್ಲ. ಇವಳದೇ ತಪ್ಪು ಎಂದು ನಾನೂ ಅಂದುಕೊಂಡೆ.

ಗುರುಪಾದಯ್ಯನವರು ವಾರ್ಡು ಸುತ್ತಿದರು. ಎಲ್ಲರ ಕೈಪಟ್ಟಿಗಳನ್ನೂ ಯಾರೋ ಒಮ್ಮೆ ಕತ್ತರಿಸಿ, ಹೊಸ ಪ್ಲಾಸ್ಟರಿನಿಂದ ಮತ್ತೆ ಕೈಗೆ ಅಂಟಿಸಿದ್ದರು. ಮಂಚದ ಸರಳುಗಳ ಮೇಲೆ ಹಳೇ ಅಂಟು ಪದರು ಪದರಾಗಿ ಕಪ್ಪಿಟ್ಟಿತ್ತು.

"ಯವ್ವಾ, ಮೊದಲಿಂದ ಇದ ಮಂಚಾ ಏನು ನಿಂದು?" ಎಂದು ಅವರು ಮುರಿಗೆವ್ವನನ್ನು ಕೇಳಿದರು.

"ಇಲ್ರಿ ಯಪ್ಪಾ. ಅಲ್ಲಿ ತಲಿ ಉತ್ತರಕ್ಕ ಆಗತಿತ್ತು, ಹಂಗ ಮಲಗಬಾರದಲ್ರಿ. ನಿನ್ನಿ ಸಂಜಿಗೆ ಹನಮವ್ವ ತನ್ನ ಮಂಚಾ ಬಿಟ್ಟುಕೊಟ್ಲು, ಪಾಪ."

ಗುರುಪಾದಯ್ಯನವರು ಡಾಕ್ಟರನ್ನೂ ಉಳಿದವರನ್ನೂ ವಾರ್ಡಿನ ಹೊರಗೆ ಕೂಡಿಸಿದರು.

"ಪಟ್ಟಿ ಕೈಯಾಗ ಇರಲಿಲ್ರಿ, ಮಂಚಕ್ಕ ಅಂಟಿಸಿದ್ರು. ಹೊದಿಕಿ ಸರಿಸಿ, ಬಳಿ ಸರಿಸಿ ಕೈ ಹುಡುಕೋದು ತಪ್ಪತೈತಿ, ಕೆಲಸ ಲಗೂ ಆಗತೈತಿ. ಹೆಣ್ಮಕ್ಕಳು ಮಂಚಾ ಬದಲಿಸಿದ್ರು, ಪಟ್ಟಿ ಅಲ್ಲೇ ಉಳದ್ವು. ಹನಮವ್ವ ಎಚ್ಚರ ತಪ್ಪಿದ ಮ್ಯಾಲೆ ಗಡಿಬಿಡಿಲೆ ಎಲ್ಲಾರ ಕೈಗೂ ತಿರುಗಿ ಅಂಟಿಸ್ಯಾರ. ಸರಳಿನ ಅಂಟು ಹಳೇದೈತಿ. ಇವತ್ತ ಬಂದ ಹುಡುಗಿ ಮಾಡಿದ್ದಲ್ಲ. ಇಡೀ ವಾರ್ಡಿಗೆ ಹಿಂಗ ಮಾಡ್ರಿ ಅನ್ನೋರು ಯಾರು, ಸಿಸ್ಟರ್?"

ವಿದ್ಯಾವತಿಯವರ ಮುಖ ಇಳಿದುಹೋಯಿತು. "ನಾನ ರಿ," ಎಂದರು.

"ನೀ ಯಾಕ ಹೇಳಲಿಲ್ಲ ಬೇಟಾ?" ಎಂದ ಯಾಕೂಬ.

"ಟ್ರೇನಿಂಗಿನಾಗ ನನಗ ಸೂಜಿ ಹಿಡಿಯಾಕ ಕಲಿಸಿದ್ದ ಇವರು, ಅಬ್ಬಾ."

ನನಗೆ ಆ ಹುಡುಗಿಯ ಮುಖ ನೋಡಲು ನಾಚಿಕೆಯಾಯಿತು. ವಿದ್ಯಾವತಿ ಕೈ ಜೋಡಿಸಲು ಹೋದರು. ಅಂಜುಮ ತಡೆದಳು. "ನನ್ನ ಮುಂದ ಬ್ಯಾಡ್ರಿ, ಹನಮವ್ವನ ಕಡೆ ಹೋಗ್ರಿ."

ಒಳಗೆ ಹೋದಾಗ ಹನಮವ್ವ ಎದ್ದು ಕುಳಿತಿದ್ದಳು. ಸಿಸ್ಟರನ್ನು ಕಂಡದ್ದೇ ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

"ನನ್ನ ಜೀವಾ ಉಳಿಸಿದ್ರಿ ಯವ್ವಾ. ನಿಮ್ಮ ಹೊಟ್ಟಿ ತಣ್ಣಗಿರಲಿ."

ವಿದ್ಯಾವತಿಯವರಿಗೆ ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ. ಹಾಗೇ ಮಂಚದ ಪಕ್ಕದಲ್ಲಿ ಕೂತು, "ಉಳಿಸಿಲ್ಲ ಯವ್ವಾ," ಎಂದು ಹೇಳತೊಡಗಿದರು.