ಸಕ್ಕರೆ ಕೋಟಿನ ಕಳ್ಳರು

"ಬಾಕ್ಸ್ ಕೆಳಗಿಡು! ಇಲ್ಲಾಂದ್ರೆ ಸುಟ್ಟುಬಿಡ್ತೀನಿ!"

ಔಷಧ ಕಂಪನಿಯ ಸೆಕ್ಯುರಿಟಿ ಆಫೀಸರ್. ಪಿಸ್ತೂಲು ನೇರ ನನ್ನ ಹಣೆಗೆ. ನನ್ನ ಬೆನ್ನಿಗೆ ಕೋಲ್ಡ್ ರೂಮಿನ ಬಾಗಿಲು.

"ಇಡ್ತೀನಿ ಬಾಸ್... ಕೂಗಾಡ್ಬೇಡಿ."

ಬಗ್ಗಿದೆ. ಪಕ್ಕದ ಟ್ರಾಲಿಯನ್ನು ಅವನ ಮೊಣಕಾಲಿಗೆ ಗುದ್ದಿದೆ!

ಢಂ! ಗುಂಡು ಸೀಲಿಂಗಿಗೆ ಬಿತ್ತು. ನಾನು ಬಾಕ್ಸ್ ಸಮೇತ ಓಟ ಕಿತ್ತೆ.

ಕದಿಯುವುದು ನನ್ನ ಕಸುಬಲ್ಲ ಸ್ವಾಮಿ. ಬಂದರಿನಿಂದ ಮೀನು ಸಾಗಿಸುವವನು. ನಡುವೆ ಬೇರೆಯವರು ಮುಟ್ಟಲು ಹೆದರುವ ಕಳ್ಳಮಾಲನ್ನೂ ದಾಟಿಸುತ್ತೇನೆ, ಸುಳ್ಳೇಕೆ? ಆದರೆ ಇದು ಅಕ್ಕನ ಮಗಳ ಜೀವದ ಮಾತು. ಅವಳ ಬಾಯಿ ನೋಡಿ ನಾನೇ ಇಟ್ಟ ಹೆಸರು, ಚಿನಕುರುಳಿ.

ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. "ರೋಗಾಣು ಮೈಮೇಲೆ ಒಂಥರಾ ಸಕ್ಕರೆ ಕೋಟು ಇರುತ್ತೆ. ರಕ್ತದಲ್ಲಿರೋ ಒಂದು ಪ್ರೋಟೀನು ಆ ಸಕ್ಕರೇನ ಗಟ್ಟಿಯಾಗಿ ಹಿಡ್ಕೊಂಡು, 'ಕಳ್ಳ ಸಿಕ್ಕಿದ, ಬನ್ರೋ!' ಅಂತ ಮಿಕ್ಕ ಸೈನ್ಯಾನ ಕರೆಯುತ್ತೆ. ಇವಳಿಗೆ ಅದು ಹುಟ್ಟಿನಿಂದ್ಲೇ ಇಲ್ಲ."

"ಇಷ್ಟು ದಿನ ಹೇಗಿದ್ಲು ಮತ್ತೆ?"

"ಬೇರೆ ಕಾವಲಿತ್ತು. ಇವಳ ಕ್ಯಾನ್ಸರಿಗೆ ಕೊಡ್ತಿರೋ ಔಷಧಿ ಅದನ್ನೂ ಮಲಗಿಸಿದೆ. ಈಗ ಸೋಂಕು ರಕ್ತಕ್ಕೇ ಇಳಿದಿದೆ."

ಆ ಪ್ರೋಟೀನನ್ನು ಬಾಟಲಿಗೆ ತುಂಬಿದ್ದು ಇದೊಂದೇ ಕಂಪನಿ. ಲಾಭವಿಲ್ಲವೆಂದು ಪ್ರಯೋಗ ನಿಲ್ಲಿಸಿತ್ತು. ಉಳಿದಿದ್ದ ಕೊನೆಯ ಬಾಟಲಿಯನ್ನು ಇವತ್ತು ನಾಶ ಮಾಡುವವರಿದ್ದರು. ಅಕ್ಕ ಕಂಪನಿಯವರ ಕಾಲು ಹಿಡಿದಳು. "ರೂಲ್ಸ್ ಇಲ್ಲಮ್ಮ" ಎಂದರು!

"ನೀವು ತನ್ನಿ, ನಾನು ಕೊಡ್ತೀನಿ. ಕೆಲಸ ಹೋದ್ರೆ ಹೋಗ್ಲಿ" ಎಂದರು ಡಾಕ್ಟರಮ್ಮ.

ಹೊರಗೆ ನಿಲ್ಲಿಸಿದ್ದ ನನ್ನ ಮೀನಿನ ವ್ಯಾನ್ ಹತ್ತಿ ಬಾಕ್ಸ್ ತೆರೆದೆ. ಬಾಟಲಿಯ ಸುತ್ತ ತೆಳ್ಳನೆಯ ಕೂಲ್ ಪ್ಯಾಕು. ಅಷ್ಟೇ! ಈ ಬಿಸಿಲಿಗೆ ಇದ್ಯಾವ ಮೂಲೆಗೆ? ಮೀನಿಗೆಂದು ಇಟ್ಟಿದ್ದ, ಮಾಮೂಲಿ ಐಸಿಗಿಂತ ಎಷ್ಟೋ ಪಟ್ಟು ತಣ್ಣಗಿನ ಡ್ರೈ ಐಸನ್ನು ಒತ್ತಿ ಒತ್ತಿ ತುಂಬಿದೆ. ಕೆಡುವ ಮಾಲಿಗೆ ಎಷ್ಟು ಐಸೋ ಅಷ್ಟು ಆಯಸ್ಸು. ನನಗೆ ಅನ್ನ ಕೊಟ್ಟ ವಿದ್ಯೆ ಅದು.

ಕನ್ನಡಿಯಲ್ಲಿ ಕಂಪನಿಯ ಜೀಪು!

ಎದುರಿಗೊಂದು ಲಾರಿ. ಅದರ ಮೂತಿ ಸವರಿಕೊಂಡು ಗಲ್ಲಿಗೆ ನುಗ್ಗಿದೆ. ಕಿರ್ರ್... ಧಡ್! ಜೀಪು ಲಾರಿಗೆ ಸಿಕ್ಕಿಕೊಂಡಿತು. ನಾನು ಹಾರ್ನ್ ಒತ್ತುತ್ತಲೇ ಆಸ್ಪತ್ರೆ ಮುಟ್ಟಿದೆ.

ಚಿನಕುರುಳಿ ಕಷ್ಟಪಟ್ಟು ಕಣ್ಣು ತೆರೆದಳು. "ಮಾಮ... ತಂದ್ಯಾ?"

"ತಂದೆ ಕಣೇ ಬಂಗಾರಿ! ನಾಳೆಯಿಂದ ಮತ್ತೆ ನನ್ನ ತಲೆ ತಿನ್ನುವಿಯಂತೆ."

ಡಾಕ್ಟರಮ್ಮ ಬಾಕ್ಸ್ ತೆರೆದರು. ಮುಖ ಬಿಳಿಚಿಕೊಂಡಿತು.

"ಡ್ರೈ ಐಸ್ ಯಾರು ಹಾಕಿದ್ದು?"

"ನಾನೇ! ಕೆಡಬಾರ್ದು ಅಂತ..."

"ಇದು ಮೀನಲ್ಲ ಕಣ್ರೀ! ಹೆಪ್ಪುಗಟ್ಟಿದ್ರೆ ಈ ಪ್ರೋಟೀನು ಮುದುಡಿಹೋಗುತ್ತೆ. ಆಮೇಲೆ ಏನನ್ನೂ ಹಿಡಿಯಲ್ಲ."

ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಕರಗಿಸಿ ನೋಡಿದರು. ಒಡೆದ ಹಾಲಿನ ಹಾಗೆ ಬಿಳಿ ಚೂರುಗಳು ತೇಲುತ್ತಿದ್ದವು.

"ಆದ್ರೂ ಕೊಟ್ಬಿಡಿ ಡಾಕ್ಟ್ರೇ!" ಅಕ್ಕ ಗೋಗರೆದಳು.

"ಇದು ರಕ್ತಕ್ಕೆ ಹೋದ್ರೆ ಈಗ್ಲೇ ಪ್ರಾಣ ಹೋಗುತ್ತಮ್ಮ."

ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಹೊತ್ತು ಮುಳುಗುವ ಮೊದಲೇ ಮಗು ಹೋಯಿತು. ಕೊನೆಯವರೆಗೂ ನನ್ನ ಬೆರಳು ಹಿಡಿದುಕೊಂಡೇ ಇದ್ದಳು. ಎಂಥೆಂಥ ಪೆಟ್ಟು ತಿಂದವನು ನಾನು... ವಾರ್ಡಿನ ನೆಲದ ಮೇಲೆ ಕುಸಿದು ಗೊಳೋ ಎಂದು ಅತ್ತುಬಿಟ್ಟೆ.

ಆಗ ಬಂದ ಆಫೀಸರ್. ಕುಂಟುತ್ತಾ, ಪೊಲೀಸರ ಜೊತೆ.

"ಬಾಟ್ಲಿ ಎಲ್ಲೋ? ಅದನ್ನ ಇವತ್ತೇ ನಾಶ ಮಾಡ್ಬೇಕು!"

ಅವನ ಕೈಗೇ ಇಟ್ಟೆ.

"ತಲೆ ಕೆಡಿಸ್ಕೋಬೇಡಿ ಸಾರ್... ನಿಮ್ಮ ಕೆಲಸ ನಾನೇ ಮುಗಿಸಿದ್ದೀನಿ!"