ಈರವ್ವ ಕಟ್ಟಿದ ಅಂಚು

ಬಹಳ ಹಿಂದೆ, ಏಳು ಕೆರೆಗಳ ಆಚೆ, ಜೊಂಡೂರು ಎಂಬ ರಾಜ್ಯವಿತ್ತು. ಅಲ್ಲಿಯ ಕೋಟೆಗೋಡೆಯ ಮೇಲೆ ದಿನವೂ ಬೆಳಗ್ಗೆ ಕತೆಯೊಂದರ ಹೊಸ ಅಧ್ಯಾಯ ತಾನಾಗಿ ಮೂಡುತ್ತಿತ್ತು. ಬರೆಯುತ್ತಿದ್ದವನು ಗೋಡೆಯ ಹಿಂದೆ ವಾಸವಾಗಿದ್ದ ಮಸಿಬೀರನೆಂಬ ಮಾಂತ್ರಿಕ.

ಮಿಂಚುಳ್ಳಿ ಎಂಬ ವೀರೆಯ ಕತೆ ಅದು. ಒಂದು ಮೃಗವನ್ನು ಕೊಂದರೆ ಅವಳು ಒಂದು ಮೆಟ್ಟಿಲು ಏರುತ್ತಿದ್ದಳು. ಒಂದು ಮೆಟ್ಟಿಲಿಗೆ ಒಂದು ಆನೆಯ ಬಲ. ಓದುಗರೂ ಮೆಟ್ಟಿಲ ಲೆಕ್ಕದಲ್ಲೇ ಮಾತಾಡುತ್ತಿದ್ದರು.

"ನಾನಿನ್ನೂ ನಲವತ್ತನೇ ಮೆಟ್ಟಿಲಲ್ಲಿದ್ದೇನೆ ಮಾರಾಯ. ಮುಂದಿನದು ಹೇಳಿದರೆ ನಾಲಿಗೆ ಕಿತ್ತೇನು!"

"ಹೇಳುವುದಿಲ್ಲ. ಆದರೆ ಆ ಹಾವನ್ನು ನಂಬಬೇಡ."

"ಹೇಳಿಯೇಬಿಟ್ಟೆಯಲ್ಲೋ, ಪಾಪಿ!"

ಅಧ್ಯಾಯ ಮುಗಿದೊಡನೆ ಎಲ್ಲರೂ "ಮುಂದೇನು?" ಎಂದು ಕೂಗುತ್ತಿದ್ದರು. ಪ್ರತಿ ಕೂಗಿಗೂ ಮಾಂತ್ರಿಕನ ಆಯುಸ್ಸು ಒಂದು ದಿನ ಹೆಚ್ಚುತ್ತಿತ್ತು, ಕೂಗಿದವರ ಕಾಲು ಒಂದು ಬೆರಳಷ್ಟು ಕಲ್ಲಾಗುತ್ತಿತ್ತು. ಯಾರಿಗೂ ಅದರ ಪರಿವೆ ಇರಲಿಲ್ಲ. ಮಹಾರಾಜನೂ ಸಿಂಹಾಸನವನ್ನು ಅಲ್ಲಿಗೇ ತರಿಸಿಕೊಂಡು, ಮೊಣಕಾಲವರೆಗೆ ಕಲ್ಲಾಗಿ ಕೂತಿದ್ದ.

ಚಾಪೆ ಹೆಣೆಯುವ ಈರವ್ವ ಮಾತ್ರ ಓದಿದೊಡನೆ ಮನೆಗೆ ಓಡುತ್ತಿದ್ದಳು. ತಾಯಿತಂದೆ ಇಲ್ಲದ ಮನೆಯಲ್ಲಿ ಎಂಟು ವರ್ಷದ ತಂಗಿ ಚಿಗರಿ ಕಾದಿರುತ್ತಿದ್ದಳು. ಚಿಗರಿಗೆ ಇನ್ನೂ ಒತ್ತಕ್ಷರ ಓದಲು ಬರುತ್ತಿರಲಿಲ್ಲ. ಅಕ್ಕ ಜೊಂಡು ಹೆಣೆಯುತ್ತ ಹೇಳುತ್ತಿದ್ದಳು, ತಂಗಿ ಜೊಂಡಿಗೆ ನೀರು ಚಿಮುಕಿಸುತ್ತ ಕೇಳುತ್ತಿದ್ದಳು.

ಒಂದು ಬೆಳಗ್ಗೆ ಗೋಡೆಯ ಮೇಲಿನ ಕತೆಯಲ್ಲಿ ಮಸಿಹುಲಿಯೆಂಬ ಮೃಗ ಮಿಂಚುಳ್ಳಿಯನ್ನು ಕೊಂದಿತ್ತು. ಚಿಗರಿ ಅಳುತ್ತಾಳೆಂದು ಈರವ್ವ ಒಂದು ಮಾತು ಸೇರಿಸಿದಳು. "ಆದರೆ ಅವಳು ಮೊದಲೇ ಒಂದು ದೀಪ ಹಚ್ಚಿಟ್ಟಿದ್ದಳು. ಸತ್ತವಳು ಆ ದೀಪದ ಬಳಿಯಿಂದ ಎದ್ದು ಬಂದಳು."

"ಎಷ್ಟು ಸಲ ಬೇಕಾದರೂ ಏಳಬಹುದಾ, ಅಕ್ಕಾ?"

"ಎಷ್ಟು ಸಲ ಬೇಕಾದರೂ. ನೀನು ಉಣ್ಣು ಮೊದಲು."

ಮೂರನೆಯ ದಿನ ಮಸಿಹುಲಿ ಗೋಡೆಯಿಂದ ಇಳಿದು ಊರೊಳಗೆ ಬಂತು. ಬಾವಿಕಟ್ಟೆಯ ಹೆಂಗಸರು ಕೊಡ ಬಿಟ್ಟು ಓಡಿದರು. ಚಿಗರಿ ಒಬ್ಬಳೇ ಕೋಲು ಹಿಡಿದು ಎದುರು ನಿಂತಳು. "ಹೆದರಬೇಡಿ ಚಿಕ್ಕಮ್ಮಾ, ನಾನು ದೀಪ ಹಚ್ಚಿದ್ದೇನೆ" ಎಂದಳು.

ಈರವ್ವ ಓಡಿ ಬರುವಾಗ ಬಾವಿಕಟ್ಟೆಯ ಮೇಲೆ ದೀಪ ಇನ್ನೂ ಉರಿಯುತ್ತಿತ್ತು.

ಒಂಬತ್ತು ದಿನ ಅವಳು ಆ ದೀಪಕ್ಕೆ ಎಣ್ಣೆ ಹೊಯ್ದಳು. ಹತ್ತನೆಯ ದಿನ ಒಂದು ಚಾಪೆ, ಒಂದು ಗಿಂಡಿ ನೀರು ತೆಗೆದುಕೊಂಡು, ಸತ್ತ ತಂಗಿಯನ್ನು ಬೇಡಿ ತರಲು ಗೋಡೆಯ ಹಿಂದಕ್ಕೆ ಹೋದಳು.

ಮೊದಲ ಬಾಗಿಲಲ್ಲಿ ಮಸಿಹುಲಿ ಮಲಗಿತ್ತು. ಅದು ಎಗರಿದಾಗ ಈರವ್ವ ಗಿಂಡಿಯ ನೀರನ್ನು ಅದರ ಮುಖಕ್ಕೆ ಎರಚಿದಳು. ಹುಲಿ ಕರಗಿ ಕಪ್ಪು ನೀರಾಗಿ ಹರಿದುಹೋಯಿತು. ಇಷ್ಟೇ ಸಾಕಿತ್ತಲ್ಲ, ಒಂದು ಗಿಂಡಿ ನೀರು ಎಂದು ಅವಳು ಅಲ್ಲಿ ಸ್ವಲ್ಪ ಹೊತ್ತು ನಿಂತಳು.

ಎರಡನೆಯ ಬಾಗಿಲಲ್ಲಿ ಮೆಟ್ಟಿಲುಗಳಿದ್ದವು. ಕಾವಲಿಗಿದ್ದ ಹಾವು ಹೇಳಿತು, "ಮೆಟ್ಟು ತಾಯೀ. ಒಂದು ಮೆಟ್ಟಿಲಿಗೆ ಒಂದು ಆನೆಯ ಬಲ ಕೊಡುತ್ತೇನೆ, ಒಂದು ನೆನಪು ತೆಗೆದುಕೊಳ್ಳುತ್ತೇನೆ. ಮೇಲೆ ತಲುಪುವಾಗ ಯಾವ ದುಃಖವೂ ಇರುವುದಿಲ್ಲ."

"ನನ್ನ ದುಃಖ ನನಗಿರಲಿ" ಎಂದು ಈರವ್ವ ಮೆಟ್ಟಿಲ ಮೇಲೆ ಚಾಪೆ ಹಾಸಿದಳು. ಹತ್ತಿದಂತೆಲ್ಲ ಚಾಪೆಯನ್ನು ಮೇಲೆಳೆದುಕೊಂಡು, ಕಲ್ಲಿಗೆ ಕಾಲು ತಾಗಿಸದೆ ಮೇಲೆ ಹೋದಳು.

ಮೂರನೆಯ ಬಾಗಿಲೊಳಗೆ ಮಸಿಬೀರ ಕೂತಿದ್ದ. "ನಿನ್ನ ಕತೆಯ ನಿಯಮದಂತೆ ನನ್ನ ತಂಗಿಯನ್ನು ಎಬ್ಬಿಸು" ಎಂದಳು ಈರವ್ವ.

"ಯಾವ ನಿಯಮ?"

"ದೀಪದ್ದು."

ಮಾಂತ್ರಿಕ ಹೊಟ್ಟೆ ಹಿಡಿದು ನಕ್ಕ. "ದೀಪವೇ? ಅದು ನನ್ನದಲ್ಲ ಮಗಳೇ. ನಾನು ಕೊಂದವರನ್ನು ಕೊಂದೆ ಎಂದೇ ಬರೆದಿದ್ದೇನೆ. ಆದರೂ ಚೆನ್ನಾಗಿದೆ. ತಗೋ ಲೇಖನಿ, ಎದ್ದಳು ಎಂದು ನೀನೇ ಬರೆ. ನಿನಗೆ ರೂಢಿ ಇದೆಯಲ್ಲ."

ಈರವ್ವ ಲೇಖನಿ ಹಿಡಿದು ಬರೆದಳು. ಗೋಡೆಯ ಮೇಲೆ ಚಿಗರಿ ಎದ್ದು ನಿಂತಳು. "ಅಕ್ಕಾ! ನೋಡು, ಎದ್ದೆ! ನೀನು ಹೇಳಿದ ಹಾಗೇ ಆಯಿತು!"

ಈರವ್ವ ಕೈ ಚಾಚಿದಳು. ಅಷ್ಟರಲ್ಲಿ ಗೋಡೆಯ ಮಸಿಯಿಂದ ಹೊಸ ಹುಲಿ ಮೂಡಿತು. ಚಿಗರಿ ಬಿದ್ದಳು.

"ಕತೆ ಅಂದಮೇಲೆ ನಡೆಯಬೇಕಲ್ಲ" ಎಂದ ಮಸಿಬೀರ. "ನಾಳೆ ಮತ್ತೆ ಎಬ್ಬಿಸು. ದಿನಕ್ಕೊಂದು ಸಲ ನೋಡುತ್ತೀ. ಸಾಲದೇ?"

"ಎಷ್ಟು ದಿನ?"

"ಅಂಚಿಲ್ಲದ ಕತೆ ಇದು. ಅಂಚು ಕಟ್ಟಿದರೆ ನಾನೂ ಇಲ್ಲ, ಅವಳೂ ಇಲ್ಲ."

ಗೋಡೆಯ ಆಚೆ ಸಾವಿರ ಗಂಟಲುಗಳು "ಮುಂದೇನು?" ಎಂದು ಕೂಗಿದವು. ಚಿಗರಿಯೂ ನೆಲದ ಮೇಲಿಂದ ಸಣ್ಣಗೆ, "ಅಕ್ಕಾ, ಇದು ತುಂಬಾ ನೋಯುತ್ತದೆ. ಮುಂದೇನು?" ಎಂದಳು.

ಅಂಚು ಕಟ್ಟುವುದು ಚಾಪೆಯವಳಿಗೆ ಗೊತ್ತಿತ್ತು. ಕೊನೆಯ ಎಳೆಯನ್ನು ಒಳಕ್ಕೆ ಮಡಿಸಿ, ಉಸಿರು ಬಿಡದೆ ಬಿಗಿಯಬೇಕು. ಅವಳು ಹಾಗೆಯೇ ಬರೆದಳು: ದೀಪದ ಮಾತು ಅಕ್ಕ ಹೇಳಿದ ಸುಳ್ಳು. ಚಿಗರಿ ಏಳಲಿಲ್ಲ. ಕತೆ ಮುಗಿಯಿತು.

ಮಾಂತ್ರಿಕ ಬಾಯಿ ತೆರೆದವನು ತೆರೆದಂತೆಯೇ ಮಸಿಯಾಗಿ ಸೋರಿಹೋದ. ಗೋಡೆ ಬರಿದಾಯಿತು. ಜನರ ಕಾಲುಗಳಲ್ಲಿ ರಕ್ತ ಹರಿಯಿತು. ಮಹಾರಾಜ ಸಿಂಹಾಸನದಿಂದ ಎದ್ದು ಕುಂಟುತ್ತ ಅರಮನೆಗೆ ಹೋದ.

ಬಾವಿಕಟ್ಟೆಯ ಬಳಿ ಇಬ್ಬರು ಕಾಲು ತಿಕ್ಕಿಕೊಳ್ಳುತ್ತ ಗೊಣಗುತ್ತಿದ್ದರು.

"ಇದೂ ಒಂದು ಮುಕ್ತಾಯವೇ? ಆ ಹುಡುಗಿಯನ್ನು ಎಬ್ಬಿಸಬಾರದಿತ್ತೇ?"

"ಯಾರೋ ಬರೆಯಲು ಬಾರದವರು ಬರೆದಿದ್ದಾರೆ ಬಿಡು."

ಈರವ್ವ ಅವರ ನಡುವೆ ಹಾದು, ಬಾವಿಕಟ್ಟೆಯ ದೀಪವನ್ನು ಆರಿಸಿ, ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದಳು.

ಅಂದಿನಿಂದ ಜೊಂಡೂರಿನಲ್ಲಿ ಹೊಲಗಳು ಬೆಳೆ ಕೊಟ್ಟವು, ಮದುವೆಗಳಾದವು, ಎಲ್ಲರೂ ಸುಖವಾಗಿ ಬಾಳಿದರು. ಮಕ್ಕಳು ಕತೆ ಕೇಳಲು ಈರವ್ವನ ಜಗಲಿಗೇ ಬರುತ್ತಿದ್ದರು. ಕೊನೆಯಲ್ಲಿ ಒಂದಲ್ಲ ಒಂದು ಮಗು ಕೇಳುತ್ತಿತ್ತು.

"ನಿಜವಾಗಿಯೂ ಏಳಲಿಲ್ಲವಾ ಅಜ್ಜೀ? ಸುಮ್ಮನೆ ಎದ್ದಳು ಅಂತ ಹೇಳು."

"ಇಲ್ಲ ಕಂದಾ, ಏಳಲಿಲ್ಲ" ಎಂದು ಹೇಳಿ ಈರವ್ವ ಚಾಪೆಯ ಅಂಚು ಕಟ್ಟುತ್ತಿದ್ದಳು.