ಮೂಗಿನಲ್ಲಿ ತೂತಿಲ್ಲದ ಹುಂಜ

ಜೋಡಿ ನಳಿಗೆಯ ಬಂದೂಕು. ಎರಡೂ ನಳಿಗೆಗಳು ನನ್ನ ಎದೆಯನ್ನೇ ನೋಡುತ್ತಿದ್ದವು.

"ಕೈ ಮೇಲೆ, ವರ್ಲಿನ್," ಎಂದ ಡ್ವೇನ್ ಕ್ರಾಂಟ್ಜ್.

ಎತ್ತಿದೆ. ಅರವತ್ತು ದಾಟಿದ ಭುಜ... ಲಟಕ್ ಎಂದಿತು.

ಹುಲ್ಲುಗಾವಲನ್ನು ಸುತ್ತಿ ಸುತ್ತಿ ಮೂರು ಮೈಲಿ ಅವನನ್ನು ಅಟ್ಟಿಸಿಕೊಂಡು ಬಂದಿದ್ದೆ. ಅವನ ಪಿಕಪ್ ಜೌಗಿನ ಕೆಸರಿನಲ್ಲಿ ಹೂತು ನಿಂತಿತ್ತು. ಅದರ ಬೆನ್ನ ಮೇಲೆ ನಾಲ್ಕು ಮರದ ಪೆಟ್ಟಿಗೆ. ಒಳಗೆ ರೆಕ್ಕೆಗಳ ಪಟಪಟ.

"ಏನಿದೆ ಅದರಲ್ಲಿ?"

"ನಿಮ್ ಕ್ಲಬ್ಬಿಂದ ತಪ್ಪಿಸ್ಕೊಂಡಿರೋ ಸಾಕು ಫೆಸೆಂಟು ಕೋಳಿ. ಹಿಡಿದು ಕೊಡೋಣ ಅಂತ. ಪುಣ್ಯದ ಕೆಲಸ."

"ಪುಣ್ಯಕ್ಕೆ ಬಂದೂಕು ಯಾಕೋ?"

"ಯಾರಾದ್ರೂ ಕದ್ದುಬಿಟ್ರೆ?"

ಕ್ಲಬ್ಬಿನ ಸುತ್ತ ಈಗ ಹತ್ತು ಮೈಲಿ ಬರೀ ಮೆಕ್ಕೆಜೋಳ. ಬೇಲಿಸಾಲಿನ ಪೊದೆಗಳನ್ನೂ ಟ್ರ್ಯಾಕ್ಟರ್ ನುಂಗಿ ನೀರು ಕುಡಿದಿದೆ. ಕಾಡುಹಕ್ಕಿ ಗೂಡು ಕಟ್ಟಲು ಉಳಿದದ್ದು ನಾವು ನಿಂತಿದ್ದ ಈ ನೂರರವತ್ತು ಎಕರೆ ಹುಲ್ಲು. ಅದರ ಯಜಮಾನ ಎಮೆಟ್ ಸಾಯುವ ಮುಂಚೆ ವಿಲ್ ಬರೆದಿಟ್ಟಿದ್ದ. ಹತ್ತು ಕಾಡು ಫೆಸೆಂಟ್ ಸಿಕ್ಕರೆ ಹುಲ್ಲು ಆರ್ಡಿಸ್‌ಳ ಬೇಟೆ ಕ್ಲಬ್ಬಿಗೆ. ಸಿಗದಿದ್ದರೆ ತಂಗಿಯ ಮಗ ಡ್ವೇನ್‌ಗೆ... ಅಂದರೆ ನೇಗಿಲಿಗೆ. ಬೇಟೆಗೆಂದು ನಾವು ಬಿಡುವ ಸಾಕುಹಕ್ಕಿ ಲೆಕ್ಕಕ್ಕಿಲ್ಲ.

ಎಣಿಕೆ ಇವತ್ತು. ಬೆಳಿಗ್ಗೆ ಹತ್ತಕ್ಕೆ.

ಒಂಬತ್ತೂವರೆಗೆ ಹಕ್ಕಿಗಳೆಲ್ಲ ಪೆಟ್ಟಿಗೆಯಲ್ಲಿ!

"ಹತ್ತೂವರೆ ತನಕ ಬಾಯಿ ಮುಚ್ಕೊಂಡು ಕೂತಿರು. ಇಲ್ಲಾಂದ್ರೆ ಬೇಟೆ ಸೀಸನ್ನು. ಅಪಘಾತ ಆಗ್ತಾ ಇರ್ತವೆ," ಎಂದ.

"ಬಾಯಿ ಮುಚ್ಚೋದು ನನ್ ಕೈಲಾಗಲ್ಲಪ್ಪ. ಮೂವತ್ತು ವರ್ಷದಿಂದ ಕೂಗಿ ಕೂಗೀನೇ ಅನ್ನ ತಿಂದಿದೀನಿ."

ನಿಜ. ನಾನು ಕ್ಲಬ್ಬಿನ ಗೈಡು. ಹಕ್ಕಿ ಎದ್ದೊಡನೆ ಹುಂಜವೋ ಹೇಂಟೆಯೋ ಎಂದು ಕೂಗುವುದು ನನ್ನ ಕೆಲಸ. ಹೇಂಟೆಯನ್ನು ಹೊಡೆಯುವಂತಿಲ್ಲ; ಹೇಂಟೆ ಎಂದರೆ ಬಂದೂಕು ಇಳಿಯುತ್ತದೆ. ಹುಂಜ ಎಂದರೆ ತಾನಾಗಿಯೇ ಏಳುತ್ತದೆ. ಇಲ್ಲಿ ಹುಟ್ಟಿದವರ ಮೈಗೆ ಅದು ಚಿಕ್ಕಂದಿನಲ್ಲೇ ಹತ್ತಿದ ಪಾಠ. ಡ್ವೇನ್‌ಗೆ ಕಲಿಸಿದವನು ಅವನ ಮಾವ ಎಮೆಟ್.

ಎಮೆಟ್‌ನ ದನಿ ನನ್ನ ಗಂಟಲಿಗೆ ಸಲೀಸಾಗಿ ಬರುತ್ತದೆ.

ಪಿಕಪ್ಪಿಗೆ ಬೆನ್ನು ಕೊಟ್ಟು ನಿಂತಿದ್ದೆ; ಎತ್ತಿದ ಕೈ ಅದರ ಮೇಲಿದ್ದ ಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ಬೆರಳಿನಿಂದ ಕೊಂಡಿ ಸರಿಸಿದೆ. ಬುರ್ರನೆ ಒಂದು ಹಕ್ಕಿ ಮೇಲೆದ್ದಿತು. ನಾನು ಕೂಗಿದೆ, ಸತ್ತವನ ಗೊಗ್ಗರು ದನಿಯಲ್ಲಿ:

"ಹುಂಜ! ಎಡಕ್ಕೆ, ಡ್ವೇನೀ!"

ನಳಿಗೆಗಳು ಎಡಕ್ಕೆ ತಿರುಗಿದವು. ಢಂ... ಢಂ.

ಹುಂಜ ಕೆಳಗೆ ಬಿತ್ತು. ಬಂದೂಕು ಖಾಲಿ. ಅವನ ಮುಖವೂ ಖಾಲಿ.

ಅವನ ಕೈ ಜೇಬಿಗೆ, ತೋಟಾಗಳಿಗೆ ಹೋಗುವಷ್ಟರಲ್ಲಿ ನನ್ನ ಹಣೆ ಅವನ ಮೂಗಿಗೆ ಹೋಗಿ ತಲುಪಿತ್ತು.

ಸದ್ದು ಕೇಳಿ ಆರ್ಡಿಸ್ ಬಂದಳು. ಜೊತೆಗೆ ಎಮೆಟ್‌ನ ವಿಲ್ ಪ್ರಕಾರ ಎಣಿಕೆಗೆ ಬಂದಿದ್ದ ವಕೀಲೆ ಗ್ರೆಟಾ.

"ಎಲ್ಲಿ ಹಿಡಿದಿದ್ದು ಈ ಹಕ್ಕಿಗಳ್ನ?" ಎಂದು ಕೇಳಿದಳು ಗ್ರೆಟಾ.

"ಈ ಹುಲ್ಲಲ್ಲೇ. ಎಲ್ಲಾ ಕ್ಲಬ್ಬಿನ ಸಾಕುಹಕ್ಕಿ ಮೇಡಂ," ಎಂದ ಡ್ವೇನ್, ಮೂಗೊರೆಸಿಕೊಳ್ಳುತ್ತ.

ಜೋಳ ಬೆಳೆಯುವವನಿಗೆ ಹಕ್ಕಿಯ ಮೂಗು ಏನು ಗೊತ್ತು? ಹಕ್ಕಿ ಸಾಕುವ ಬಲೆಮನೆಯಲ್ಲಿ ಫೆಸೆಂಟ್‌ಗಳು ಒಂದನ್ನೊಂದು ಕುಕ್ಕಿ ಕೊಲ್ಲುತ್ತವೆ. ಅದಕ್ಕೇ ಮೂಗು ಚುಚ್ಚಿ ಪ್ಲಾಸ್ಟಿಕ್ ಕಣ್ಣುಪಟ್ಟಿ ಸಿಕ್ಕಿಸುತ್ತೇವೆ. ಬಿಡುವಾಗ ಪಟ್ಟಿ ಕಿತ್ತರೂ ತೂತು ಸಾಯುವವರೆಗೆ ಉಳಿಯುತ್ತದೆ.

ಸತ್ತ ಹುಂಜವನ್ನು ಗ್ರೆಟಾಳ ಕೈಗಿಟ್ಟು ಇದನ್ನು ಹೇಳಿದೆ. ಅವಳು ಕನ್ನಡಕ ಏರಿಸಿ ಮೂಗು ನೋಡಿದಳು. ತೂತಿಲ್ಲ.

"ಸತ್ತಿದ್ದು ಲೆಕ್ಕಕ್ಕಿಲ್ಲ," ಎಂದಳು. "ಉಳಿದವನ್ನ ತೆಗೀರಿ."

ಒಂದೊಂದನ್ನೇ ತೆಗೆದು, ಮೂಗು ತೋರಿಸಿ, ಹುಲ್ಲಿಗೆ ಬಿಟ್ಟೆವು. ಹದಿಮೂರು. ಒಂದಕ್ಕೂ ತೂತಿರಲಿಲ್ಲ.

"ಹುಲ್ಲು ಕ್ಲಬ್ಬಿಗೆ," ಎಂದಳು ಗ್ರೆಟಾ.

"ಎಷ್ಟು ದಿನ?" ಎಂದು ಹಲ್ಲು ಕಡಿದ ಡ್ವೇನ್. "ಸುತ್ತ ಇರೋದೆಲ್ಲ ನಮ್ದೇ."

"ಇರ್ಲಿ ಬಿಡೋ. ನಡುವೆ ಇರೋದು ನಾವು," ಎಂದಳು ಆರ್ಡಿಸ್.

ನಾನು ಸತ್ತ ಹುಂಜವನ್ನು ಅವನ ಪಿಕಪ್ಪಿನ ಸೀಟಿಗೆಸೆದೆ.

"ತಗೊಂಡ್ಹೋಗು. ಈ ಜಮೀನಲ್ಲಿ ನಿನ್ನ ಪಾಲು ಇಷ್ಟೇ. ನೀನೇ ಹೊಡೆದ ತೋಟಾದ ಸೀಸದ ಚರೆ ಹಲ್ಲಿಗೆ ಸಿಕ್ಕೀತು... ನಿಧಾನವಾಗಿ ಜಗಿ."